ಬಯಲಿನಲ್ಲಿ ಬೆಳೆಯುವ ಮಾತು

ಎರಡು ವರ್ಷದ ಮಗುವನ್ನು ಕೈಹಿಡಿದು ನಡೆಸಿಕೊಂಡು ಹೋದವರಿಗೆಲ್ಲ ಈ ಅನುಭವ ಆಗಿರುತ್ತದೆ. ದೊಡ್ಡವರಿಗೆ ಐದು ನಿಮಿಷದ ದಾರಿ. ಮಗುವಿಗೆ ಅದೇ ಅರ್ಧ ಗಂಟೆಯ ಪ್ರಯಾಣ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮಗು ನಿಂತುಬಿಡುತ್ತದೆ. ಗೋಡೆಯ ಬುಡದಲ್ಲಿ ಸಾಲುಗಟ್ಟಿ ಹೊರಟಿರುವ ಇರುವೆಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬೆರಳು ಚಾಚಿ, “ಅದು!” ಎನ್ನುತ್ತದೆ. “ಹೊತ್ತಾಯಿತು, ನಡಿ” ಎಂದು ನಾವು ಅದರ ಕೈ ಎಳೆಯುತ್ತೇವೆ.

ಮಕ್ಕಳು ಮಾತು ಕಲಿಯುವ ಬಗೆಯನ್ನು ಅಭ್ಯಸಿಸಿದ ವಿಜ್ಞಾನಿಗಳನ್ನು ಕೇಳಿದರೆ, ಕೈ ಎಳೆದ ಆ ಕ್ಷಣದಲ್ಲಿ ಒಂದು ಪಾಠ ತಪ್ಪಿಹೋಯಿತೆಂದೇ ಹೇಳಿಯಾರು. ಮಗು ಆಗ ಒಂದು ಮಾತನ್ನು ಬೇಡಿ ನಿಂತಿತ್ತು. ಕೊಡಬಲ್ಲವರು ಪಕ್ಕದಲ್ಲಿಯೇ ಇದ್ದರು, ಆದರೆ ಕೊಡಲಿಲ್ಲ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇರುವ ವಿದ್ಯಾರ್ಥಿಗಳಿಗೆ ಈ ವಿಷಯ ದೂರದ್ದೇನೂ ಅಲ್ಲ. ಮಗು ಮಾತನ್ನು ಹೇಗೆ ಕಲಿಯುತ್ತದೆ, ಆ ಕಲಿಕೆಗೆ ಮನೆಯ ಹೊರಗಣ ಗಿಡಮರಗಳೂ ಹಕ್ಕಿಹುಳುಗಳೂ ಹೇಗೆ ನೆರವಾಗುತ್ತವೆ, ಆ ನೆರವನ್ನು ಪಡೆಯಲು ನಾವು ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಹೆಸರೆಂಬ ಒಗಟು

“ಇದು ಇರುವೆ” ಎಂದು ತೋರಿಸಿ ಹೇಳಿದರೆ ಮಗು ಕಲಿತುಕೊಳ್ಳುತ್ತದೆ, ಇದರಲ್ಲಿ ಒಗಟೇನು ಬಂತು ಎಂದು ಮೇಲ್ನೋಟಕ್ಕೆ ತೋರಬಹುದು. ಒಗಟು ಇರುವುದು ಉಂಟು. ಅಮೆರಿಕದ ತತ್ತ್ವಶಾಸ್ತ್ರಜ್ಞರಾದ ಕ್ವೈನ್ ಅವರು ೧೯೬೦ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಅದನ್ನು ಒಂದು ಕಲ್ಪಿತ ಸನ್ನಿವೇಶದ ಮೂಲಕ ಎತ್ತಿ ತೋರಿಸಿದರು. ಭಾಷೆ ತಿಳಿಯದ ನಾಡೊಂದಕ್ಕೆ ಪಂಡಿತನೊಬ್ಬನು ಹೋಗಿದ್ದಾನೆ. ಎದುರಿಗೆ ಮೊಲವೊಂದು ಓಡುತ್ತದೆ. ಜೊತೆಯಲ್ಲಿದ್ದ ಆ ನಾಡಿನವನು “ಗವಗಾಯ್” ಎನ್ನುತ್ತಾನೆ. ಈ ಮಾತಿನ ಅರ್ಥವೇನು? ಮೊಲವೆ? ಮೊಲದ ಕಿವಿಯೆ? ಅದರ ಬಣ್ಣವೆ? ಓಟವೆ? ಒಮ್ಮೆ ಕೇಳಿದ ಮಾತ್ರಕ್ಕೆ ಇದನ್ನು ನಿಶ್ಚಯಿಸಲು ಬರುವುದಿಲ್ಲ.

ಮಗುವಿನ ಪಾಡೂ ಇದೇ. “ಇರುವೆ” ಎಂದಾಗ ಅದು ಆ ಪ್ರಾಣಿಯ ಹೆಸರೋ, ಸಾಲಿನ ಹೆಸರೋ, ಹರಿದಾಟದ ಹೆಸರೋ ಎಂಬುದನ್ನು ಅದಕ್ಕೆ ಯಾರೂ ಬಿಡಿಸಿ ಹೇಳುವುದಿಲ್ಲ. ಹೀಗಿದ್ದರೂ ಮಗು ಬಹುಮಟ್ಟಿಗೆ ಸರಿಯಾಗಿಯೇ ಊಹಿಸುತ್ತದೆ. ಹೊಸದಾಗಿ ಕೇಳಿದ ಹೆಸರು ಇಡೀ ವಸ್ತುವಿನದು, ಅದರ ಒಂದು ಭಾಗದ್ದಲ್ಲ, ಎಂದು ಮಕ್ಕಳು ಮೊದಲು ಭಾವಿಸುತ್ತಾರೆ. ಆಗಲೇ ಹೆಸರು ಗೊತ್ತಿರುವ ವಸ್ತುವಿಗೆ ಇನ್ನೊಂದು ಹೆಸರು ಕೇಳಿಬಂದರೆ ಅದು ಭಾಗವನ್ನೋ ಗುಣವನ್ನೋ ಹೇಳುತ್ತಿರಬೇಕೆಂದು ತಿಳಿಯುತ್ತಾರೆ. ಎಲೆನ್ ಮಾರ್ಕ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಪ್ರಯೋಗಗಳಿಂದ ತೋರಿಸಿದ್ದಾರೆ. ಊಹೆ ತಪ್ಪುವುದೂ ಉಂಟು. ನಾಲ್ಕು ಕಾಲಿನ ಪ್ರಾಣಿಗಳನ್ನೆಲ್ಲ “ನಾಯಿ” ಎಂದು ಕರೆಯುವ ಮಗುವನ್ನು ನಾವೆಲ್ಲ ಕಂಡಿದ್ದೇವೆ. ಅದು ದಡ್ಡತನವಲ್ಲ. ಕೈಯಲ್ಲಿರುವ ಒಂದೇ ಮಾತನ್ನು ಎಲ್ಲಿಯವರೆಗೆ ಹಿಗ್ಗಿಸಬಹುದೆಂದು ಮಗು ಪರೀಕ್ಷಿಸುತ್ತಿರುತ್ತದೆ.

೧೯೭೮ರಲ್ಲಿ ಕ್ಯಾರಿ ಮತ್ತು ಬಾರ್ಟ್‌ಲೆಟ್ ಎಂಬ ಸಂಶೋಧಕರು ಮೂರು ನಾಲ್ಕು ವರ್ಷದ ಮಕ್ಕಳ ಮುಂದೆ ಎರಡು ತಟ್ಟೆಗಳನ್ನು ಇಟ್ಟು, “ಕ್ರೋಮಿಯಂ ತಟ್ಟೆ ತಾ, ನೀಲಿಯದಲ್ಲ, ಕ್ರೋಮಿಯಂ” ಎಂದು ಹೇಳಿಸಿದರು. ಅಪರಿಚಿತವಾದ ಈ ಪದವನ್ನು ಅವರು ಒಂದು ಬಣ್ಣಕ್ಕೆ ಹೆಸರಾಗಿ ಇಟ್ಟಿದ್ದರು. ಕೆಲವು ದಿನಗಳ ಮೇಲೆ ಪರೀಕ್ಷಿಸಿದಾಗ ಅನೇಕ ಮಕ್ಕಳ ಮನಸ್ಸಿನಲ್ಲಿ ಆ ಮಾತಿನ ಜಾಡು ಉಳಿದಿತ್ತು. ಆದರೆ ಉಳಿದದ್ದು ಜಾಡು ಮಾತ್ರ. ಅರ್ಥ ಗಟ್ಟಿಯಾಗಬೇಕಾದರೆ ಮಾತು ಮತ್ತೆ ಮತ್ತೆ, ಬೇರೆ ಬೇರೆ ಸಂದರ್ಭಗಳಲ್ಲಿ ಕಿವಿಗೆ ಬೀಳಬೇಕು. ಮಗು ಮಾತನ್ನು ಹಿಡಿಯುವುದು ಕ್ಷಣದಲ್ಲಿ. ಅದನ್ನು ತನ್ನದಾಗಿಸಿಕೊಳ್ಳುವುದು ನಿಧಾನವಾಗಿ.

ಬೆರಳು ತೋರಿದ ಕಡೆಗೆ ಕಣ್ಣು

ಒಗಟನ್ನು ಬಿಡಿಸಲು ಮಗುವಿಗಿರುವ ಅತಿ ದೊಡ್ಡ ಆಧಾರವೆಂದರೆ ಪಕ್ಕದಲ್ಲಿರುವವರ ಕಣ್ಣು. ದೊಡ್ಡವರು ಎತ್ತ ನೋಡುವರೋ ಅತ್ತ ಹಸುಳೆಯೂ ನೋಟವನ್ನು ಹೊರಳಿಸುವುದೆಂದು ಸ್ಕೇಫ್ ಮತ್ತು ಬ್ರೂನರ್ ೧೯೭೫ರಲ್ಲಿ ವರದಿಮಾಡಿದರು. ಒಂದು ವರ್ಷ ತುಂಬುವ ಹೊತ್ತಿಗೆ ಮಗು ತಾನೇ ಬೆರಳು ತೋರಿಸಲು ಕಲಿಯುತ್ತದೆ. ಹೀಗೆ ಇಬ್ಬರು ಒಂದೇ ವಸ್ತುವನ್ನು ನೋಡುತ್ತ, ಒಬ್ಬರು ನೋಡುತ್ತಿರುವುದನ್ನು ಇನ್ನೊಬ್ಬರು ಅರಿತಿರುವ ಸ್ಥಿತಿಯನ್ನು ‘ಜಂಟಿ ಗಮನ’ ಎನ್ನಬಹುದು. ಮಾತಿನ ಬೀಜ ಬಿದ್ದು ಮೊಳೆಯುವ ನೆಲ ಇದೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಟೊಮಾಸೆಲೊ ಮತ್ತು ಫರಾರ್ ೧೯೮೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗು ಆಗಲೇ ನೋಡುತ್ತಿರುವ ವಸ್ತುವಿಗೆ ಹೆಸರು ಹೇಳಿದಾಗ ಅದು ಸುಲಭವಾಗಿ ನಾಟುತ್ತದೆ. ಮಗುವಿನ ಗಮನವನ್ನು ಬೇರೆಡೆಗೆ ಸೆಳೆದು ಹೇಳಿದ ಹೆಸರು ಅಷ್ಟಾಗಿ ನಾಟುವುದಿಲ್ಲ ಎಂದು ಕಂಡುಬಂದಿತು. ಐವರ್ಸನ್ ಮತ್ತು ಗೋಲ್ಡಿನ್-ಮೆಡೋ ೨೦೦೫ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು: ಮಗು ಯಾವ ವಸ್ತುಗಳನ್ನು ಮೊದಲು ಬೆರಳಿನಿಂದ ತೋರಿಸುವುದೋ ಅವುಗಳಲ್ಲಿ ಬಹಳಷ್ಟರ ಹೆಸರುಗಳು ಅನಂತರ ಅದರ ಬಾಯಲ್ಲಿ ಬರುತ್ತವೆ. ಹಾಗಾದರೆ ಇರುವೆಯ ಮುಂದೆ ಚಾಚಿದ ಬೆರಳು ಬರಲಿರುವ ಮಾತಿನ ಮುನ್ಸೂಚನೆ.

ಮಾತು ಕಿವಿಗೆ ಬಿದ್ದರೆ ಸಾಲದೆ, ಮನುಷ್ಯರೇ ಬೇಕೆ ಎಂದು ಕೇಳಬಹುದು. ೨೦೦೩ರಲ್ಲಿ ಪೆಟ್ರೀಷಿಯ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳಿನ ಅಮೆರಿಕದ ಶಿಶುಗಳಿಗೆ ಚೀನೀ ಭಾಷೆಯನ್ನು ೧೨ ಸಲ ಕೇಳಿಸಿದರು. ಕೆಲವು ಶಿಶುಗಳೊಡನೆ ಚೀನೀ ಭಾಷಿಕರು ಎದುರಿಗೆ ಕುಳಿತು ಆಡಿದರು. ಉಳಿದವು ಅದೇ ಮಾತನ್ನು ತೆರೆಯ ಮೇಲೆ ನೋಡಿ ಕೇಳಿದವು, ಇಲ್ಲವೆ ಧ್ವನಿಮುದ್ರಣದಲ್ಲಿ ಕೇಳಿದವು. ಎದುರಿಗೆ ಕುಳಿತವರಿಂದ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಗುರುತಿಸಲು ಕಲಿತವು, ಉಳಿದವು ಕಲಿಯಲಿಲ್ಲ. ನಾಲ್ಕರಿಂದ ಆರು ವರ್ಷದ ಮಕ್ಕಳನ್ನು ಕುರಿತು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದೂ ಇದಕ್ಕೆ ಹೊಂದುತ್ತದೆ. ಮಗುವಿನ ಭಾಷಾಶಕ್ತಿಗೆ ಹೆಚ್ಚಿನ ಸಂಬಂಧ ಕಂಡುಬಂದದ್ದು ಅದು ಕೇಳಿದ ಮಾತುಗಳ ಮೊತ್ತದೊಡನೆ ಅಲ್ಲ. ದೊಡ್ಡವರೂ ಮಗುವೂ ಸರದಿಯಿಂದ ಆಡಿದ ಮಾತುಕತೆಯೊಡನೆ.

ಬಯಲೇ ಏಕೆ?

ಮನೆಯೊಳಗೂ ಹೀಗೆ ಮಾತನಾಡಬಹುದಲ್ಲ, ಬಯಲಿಗೇ ಹೋಗಬೇಕೆ? ಮನೆಯ ಮಾತುಕತೆಗೂ ಅದರದೇ ಬೆಲೆ ಉಂಟು. ಆದರೆ ಬಯಲಿಗೆ ಕೆಲವು ವಿಶೇಷ ಗುಣಗಳಿವೆ.

ಮೊದಲನೆಯದಾಗಿ, ಬಯಲಿನ ವಸ್ತುಗಳು ಸುಮ್ಮನಿರುವುದಿಲ್ಲ. ಮನೆಯ ಕುರ್ಚಿ ನಿನ್ನೆ ಇದ್ದಂತೆಯೇ ಇಂದೂ ಇರುತ್ತದೆ. ಅಂಗಳದ ಅಳಿಲು ಈಗ ಇಲ್ಲಿ, ಮರುಕ್ಷಣ ಕೊಂಬೆಯ ಮೇಲೆ. ಚಲಿಸುವುದರ ಕಡೆಗೆ ಮಗುವಿನ ಕಣ್ಣು ತಾನಾಗಿಯೇ ಹೊರಳುತ್ತದೆ; ದೊಡ್ಡವರ ಕಣ್ಣೂ ಹೊರಳುತ್ತದೆ. ಜಂಟಿ ಗಮನ ಯಾರ ಬಲವಂತವೂ ಇಲ್ಲದೆ ಏರ್ಪಡುತ್ತದೆ.

ಎರಡನೆಯದಾಗಿ, ಅಲ್ಲಿ ಒಂದು ಮಾತಿಗೆ ಹಲವು ಇಂದ್ರಿಯಗಳ ಸಾಕ್ಷ್ಯ ದೊರೆಯುತ್ತದೆ. ಪುಸ್ತಕದ ಚಿತ್ರದಲ್ಲಿ ಹುಣಿಸೆಯ ಹಣ್ಣು ಒಂದು ಆಕಾರ ಮಾತ್ರ. ಮರದಡಿಯಲ್ಲಿ ಆಯ್ದ ಹಣ್ಣಿಗೆ ಒಡೆಯುವ ಸಿಪ್ಪೆ, ಅಂಟುವ ತಿರುಳು, ಹಲ್ಲು ಚುಳ್ಳೆನ್ನಿಸುವ ಹುಳಿ, ನುಣುಪಾದ ಬೀಜ ಎಲ್ಲವೂ ಇವೆ. ಒಂದೊಂದಕ್ಕೂ ಒಂದೊಂದು ಮಾತಿದೆ.

ಮೂರನೆಯದಾಗಿ, ಕನ್ನಡಕ್ಕೆ ಅನುಕರಣ ಶಬ್ದಗಳ ದೊಡ್ಡ ಭಂಡಾರವೇ ಇದೆ. ಚಿಲಿಪಿಲಿ, ಜುಳುಜುಳು, ಪಟಪಟ, ಸರಸರ, ಗುಡುಗುಡು ಮೊದಲಾದುವುಗಳ ಧ್ವನಿಯಲ್ಲಿಯೇ ಅರ್ಥದ ಸುಳಿವಿದೆ. ಇಂಥ ಶಬ್ದಗಳು ಹೇರಳವಾಗಿರುವ ಜಪಾನೀ ಭಾಷೆಯ ಮೂರು ವರ್ಷದ ಮಕ್ಕಳ ಮೇಲೆ ಇಮಾಯ್ ಮತ್ತು ಸಂಗಡಿಗರು ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಡಿಗೆಯ ರೀತಿಗೆ ಧ್ವನಿ ಹೊಂದುವಂತೆ ಕಟ್ಟಿದ ಹೊಸ ಕ್ರಿಯಾಪದಗಳನ್ನು ಮಕ್ಕಳು ಹೆಚ್ಚು ಸುಲಭವಾಗಿ ಕಲಿತರು. ಹಾವು ಸರಸರನೆ ಹರಿಯುವುದನ್ನೂ ಮಳೆ ಪಟಪಟನೆ ಬೀಳುವುದನ್ನೂ ಕಂಡು ಕೇಳುವ ಸ್ಥಳ ಬಯಲೇ ತಾನೆ?

ಕಾರ್ಡಿಫ್ ನಗರದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ನೇರವಾಗಿ ಪರೀಕ್ಷಿಸಿತು. ಮೂರು ನಾಲ್ಕು ವರ್ಷದ ಮಕ್ಕಳೂ ಅವರ ತಂದೆತಾಯಿಯರೂ ಉದ್ಯಾನದಲ್ಲಿಯೂ ಒಳಾಂಗಣದಲ್ಲಿಯೂ ಆಡಿದ ಮಾತುಗಳನ್ನು ಹೋಲಿಸಿ ನೋಡಿದಾಗ, ಉದ್ಯಾನದಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಹೆಚ್ಚಾಗಿ ಹೊಂದಿಕೊಂಡು ಬಂದಿತ್ತು. ಭಾಗವಹಿಸಿದ ಕುಟುಂಬಗಳ ಸಂಖ್ಯೆ ಅಲ್ಪ. ಆದುದರಿಂದ ಇದನ್ನೇ ಕೊನೆಯ ಮಾತೆಂದು ಭಾವಿಸಬಾರದು. ಆದರೆ ಶಿಕ್ಷಣತಜ್ಞರ ಹಳೆಯ ಅನುಭವವೂ ಇದೇ ದಿಕ್ಕನ್ನು ತೋರಿಸುತ್ತದೆ. ಜರ್ಮನಿಯ ಫ್ರೋಬೆಲ್ ೧೮೩೭ರಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ‘ಮಕ್ಕಳ ತೋಟ’ ಎಂಬ ಅರ್ಥದ ಹೆಸರನ್ನಿಟ್ಟರು. ಕಿಂಡರ್‌ಗಾರ್ಟನ್ ಎಂಬ ಮಾತು ಬಂದುದು ಅಲ್ಲಿಂದ. ಲಂಡನ್ನಿನ ಡೆಟ್‌ಫರ್ಡ್ ಎಂಬ ಬಡ ಕೇರಿಯಲ್ಲಿ ಮೆಕ್‌ಮಿಲನ್ ಸೋದರಿಯರು ೧೯೧೪ರಲ್ಲಿ ಬಯಲು ಶಿಶುವಿಹಾರವನ್ನು ತೆರೆದರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು.

ಹೆಸರಿನಿಂದ ವಾಕ್ಯಕ್ಕೆ

ಭಾಷೆಯೆಂದರೆ ಹೆಸರುಗಳ ಪಟ್ಟಿಯಲ್ಲ. ಹೆಸರುಗಳನ್ನು ಕೂಡಿಸಿ ಹೇಳುವುದೇ ಮಾತು. ಇದಕ್ಕೂ ಪ್ರಕೃತಿ ಒಳ್ಳೆಯ ಉಪಾಧ್ಯಾಯಿನಿ.

ಮಾವಿನ ಮರವನ್ನು ಕೆಲವು ತಿಂಗಳು ಗಮನಿಸುವ ಮಗು ಹೂವು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂಬ ಸರಣಿಯನ್ನು ಕಾಣುತ್ತದೆ. ಎಲೆಗೂ ಚಿಗುರು, ಎಲೆ, ಹಣ್ಣೆಲೆ, ತರಗೆಲೆ ಎಂಬ ಅವಸ್ಥೆಗಳುಂಟು. ವಸ್ತು ಒಂದೇ, ಕಾಲ ಕಳೆದಂತೆ ಹೆಸರು ಬೇರೆ. “ಮೊದಲು ಹೀಗಿತ್ತು, ಈಗ ಹೀಗಾಗಿದೆ, ಮುಂದೆ ಹೀಗಾಗುತ್ತದೆ” ಎಂದು ಭೂತ ವರ್ತಮಾನ ಭವಿಷ್ಯತ್ ಕಾಲಗಳನ್ನು ವ್ಯಾಕರಣದ ಹೆಸರೇ ಇಲ್ಲದೆ ಕಲಿಸಲು ಇದಕ್ಕಿಂತ ಉತ್ತಮವಾದ ಪಾಠ ದೊರೆಯದು.

ಬೇಲಿಯ ಬದಿಯಲ್ಲಿ ಬೆಳೆಯುವ ‘ಮುಟ್ಟಿದರೆ ಮುನಿ’ ಗಿಡದ ಹೆಸರೇ ಒಂದು ಪುಟ್ಟ ವಾಕ್ಯ. ಎಲೆಯ ಬುಡದಲ್ಲಿರುವ ಗಂಟಿನಂಥ ಭಾಗದ ಕೆಲವು ಜೀವಕೋಶಗಳಿಂದ ನೀರು ಹೊರಕ್ಕೆ ಹರಿದು ಅವು ಸಡಿಲವಾಗುವುದರಿಂದ, ಮುಟ್ಟಿದೊಡನೆ ಎಲೆ ಮಡಿಸಿಕೊಳ್ಳುತ್ತದೆ. ಮೂರು ವರ್ಷದ ಮಗುವಿಗೆ ಜೀವಕೋಶದ ವಿಷಯ ಬೇಡ. ಆದರೆ “ಮುಟ್ಟಿದರೆ ಏನಾಗುತ್ತದೆ? ಮುಟ್ಟದಿದ್ದರೆ? ಬಿಟ್ಟಮೇಲೆ?” ಎಂಬ ಪ್ರಶ್ನೆಗಳನ್ನು ಅದು ತನ್ನ ಬೆರಳಿನಿಂದಲೇ ಪರೀಕ್ಷಿಸಿ ಉತ್ತರ ಹೇಳಬಲ್ಲದು. ಭಾಷೆಯಲ್ಲಿ ಅದು ‘-ದರೆ’ ಎಂಬ ರೂಪದ ಪಾಠ. ವಿಜ್ಞಾನದಲ್ಲಿ ಅದೇ ಕಾರ್ಯಕಾರಣದ ಮೊದಲ ಪಾಠ.

ಮಕ್ಕಳು ಕೇಳಿದ್ದನ್ನು ಗಿಳಿಯಂತೆ ಒಪ್ಪಿಸುವವರಲ್ಲ ಎಂಬುದನ್ನು ಜೀನ್ ಬರ್ಕೊ ಅವರ ೧೯೫೮ರ ಪ್ರಯೋಗ ಸ್ಪಷ್ಟಪಡಿಸಿತು. ಅವರು ಹಕ್ಕಿಯಂಥ ಕಲ್ಪಿತ ಪ್ರಾಣಿಯೊಂದರ ಚಿತ್ರವನ್ನು ತೋರಿಸಿ ‘ವಗ್’ ಎಂದು ಹೆಸರಿಟ್ಟರು. ಬಳಿಕ ಅಂಥವು ಎರಡಿರುವ ಚಿತ್ರವನ್ನು ತೋರಿಸಿ ವಾಕ್ಯವನ್ನು ಪೂರ್ತಿಮಾಡಲು ಹೇಳಿದರು. ಹಿಂದೆಂದೂ ಕೇಳಿರದ ಆ ಪದಕ್ಕೂ ಮಕ್ಕಳು ಬಹುವಚನದ ಪ್ರತ್ಯಯವನ್ನು ಸೇರಿಸಿ ಹೇಳಿದರು. ತಮಗೆ ಕೇಳಿಬಂದ ಮಾತಿನಿಂದ ಅವರು ನಿಯಮವನ್ನೇ ಹೊರತೆಗೆದಿದ್ದರು. ಆದುದರಿಂದ ಮಗು ತಪ್ಪಾಗಿ ಆಡಿದಾಗ ಅದನ್ನು ಗದರಿಸಿ ತಿದ್ದುವ ಅಗತ್ಯವಿಲ್ಲ. “ಹಕ್ಕಿ ಹೋಯ್ತು” ಎಂದರೆ, “ಹೌದು, ಹಕ್ಕಿ ಹಾರಿಹೋಯಿತು, ಬೇವಿನ ಮರದ ಮೇಲೆ ಕುಳಿತಿತು” ಎಂದು ಅದರ ಮಾತನ್ನೇ ತುಂಬಿಸಿ ಹಿಂತಿರುಗಿಸಿದರೆ ಸಾಕು.

ಮಾಡಿ ನೋಡಬಹುದಾದ ಕೆಲವು ಆಟಗಳು

ಕಿವಿಯ ಆಟ: ಮರದ ನೆರಳಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಳ್ಳಿರಿ. ಕೇಳಿಸಿದ ಸದ್ದಿಗೊಂದರಂತೆ ಮಗು ಬೆರಳು ಮಡಿಸಲಿ. ಅನಂತರ “ಏನು ಕೇಳಿಸಿತು? ಹತ್ತಿರವೋ ದೂರವೋ?” ಎಂದು ವಿಚಾರಿಸಿರಿ. ಸದ್ದುಗಳನ್ನು ಬೇರ್ಪಡಿಸಿ ಕೇಳುವ ಈ ಅಭ್ಯಾಸ, ಮುಂದೆ ಪದದೊಳಗಿನ ಧ್ವನಿಗಳತ್ತ ಕಿವಿಗೊಡುವುದಕ್ಕೆ ಒಂದು ಮೊದಲ ಹೆಜ್ಜೆ.

ಚೀಲದ ಆಟ: ಬಟ್ಟೆಯ ಚೀಲದಲ್ಲಿ ಕಲ್ಲು, ಗರಿ, ತೊಗಟೆ, ತರಗೆಲೆಗಳನ್ನು ಹಾಕಿ, ನೋಡದೆ ಮುಟ್ಟಿ ಹೇಳಿಸಿರಿ. ಒರಟು, ನುಣುಪು, ಮೊನಚು, ಹಗುರ ಎಂಬ ಗುಣವಾಚಕಗಳು ಬೆರಳಿನ ತುದಿಯಿಂದ ನಾಲಗೆಗೆ ಬರುತ್ತವೆ.

ಎಲೆಗಳ ಆಟ: ಉದುರಿದ ಎಲೆಗಳನ್ನು ಆಯ್ದು ತಂದು ಗುಂಪುಮಾಡಿಸಿರಿ. ಬಣ್ಣದಿಂದಲೋ ಗಾತ್ರದಿಂದಲೋ ಅಂಚಿನಿಂದಲೋ ಗುಂಪುಮಾಡುವುದು ಮಗುವಿನ ಇಷ್ಟ. “ಇದನ್ನು ಇಲ್ಲಿ ಏಕೆ ಇಟ್ಟೆ?” ಎಂದು ಕೇಳಿದರೆ ‘ಏಕೆಂದರೆ’ ಎಂಬ ಮಾತು ಹುಟ್ಟಲೇಬೇಕು.

ಕಾಳಿನ ಆಟ: ರಾತ್ರಿ ನೆನೆಸಿದ ಹೆಸರುಕಾಳನ್ನು ಕರಟದಲ್ಲಿ ಮಣ್ಣು ತುಂಬಿ ಬಿತ್ತಿರಿ. ದಿನವೂ ನೋಡಿ, ನಿನ್ನೆ ಹೇಗಿತ್ತು, ಇಂದು ಹೇಗಿದೆ, ನಾಳೆ ಹೇಗಿರಬಹುದು ಎಂದು ಮಗುವಿನಿಂದಲೇ ಹೇಳಿಸಿರಿ.

ಕೊನೆಯದು ಆಟವಲ್ಲ, ಕಥನ. ಮನೆಗೆ ಬಂದಮೇಲೆ ಕಂಡುದನ್ನೆಲ್ಲ ಅಜ್ಜಿಗೆ ಹೇಳುವಂತೆ ಮಗುವನ್ನು ಪ್ರೋತ್ಸಾಹಿಸಿರಿ. ಕಣ್ಣೆದುರಿಗೆ ಇಲ್ಲದುದನ್ನು ಕುರಿತು ಮಾತನಾಡುವ ಸಾಮರ್ಥ್ಯವನ್ನು ಭಾಷಾಶಾಸ್ತ್ರಜ್ಞರಾದ ಹಾಕೆಟ್ ಮಾನವಭಾಷೆಯ ಮುಖ್ಯ ಲಕ್ಷಣಗಳಲ್ಲಿ ಒಂದೆಂದು ೧೯೬೦ರಲ್ಲಿ ಎಣಿಸಿದರು. ಅಜ್ಜಿ ಇರುವೆಯ ಸಾಲನ್ನು ನೋಡಿಲ್ಲ. ಆದುದರಿಂದ ಮಗು ಅದನ್ನು ಮಾತಿನಲ್ಲಿಯೇ ಕಟ್ಟಿ ತೋರಿಸಬೇಕಾಗುತ್ತದೆ.

ಇವುಗಳಲ್ಲೆಲ್ಲ ಒಂದು ನಿಯಮವನ್ನು ನೆನಪಿಡಬೇಕು. ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಮಗು ಮಾತನ್ನು ಹುಡುಕುತ್ತಿರುವಾಗ ನಾವೇ ಉತ್ತರ ಹೇಳಿಬಿಟ್ಟರೆ ಹುಡುಕಾಟ ನಿಂತುಹೋಗುತ್ತದೆ.

ಎರಡು ಎಚ್ಚರಿಕೆಗಳು

ಮೊದಲನೆಯದು ಮೈಗೆ ಸಂಬಂಧಿಸಿದುದು. ಹರಳು, ಗುಲಗಂಜಿಗಳ ಬೀಜವೂ ಕಣಗಿಲೆಯ ಎಲ್ಲ ಭಾಗಗಳೂ ವಿಷ. ಎಕ್ಕದ ಹಾಲು ಕಣ್ಣಿಗೆ ಅಪಾಯ. ಕಂಬಳಿಹುಳುವಿನ ರೋಮ ತಗಲಿದರೆ ಉರಿ. ಸಣ್ಣ ಬೀಜಗಳು ಮೂಗು ಗಂಟಲುಗಳಿಗೆ ಸೇರದಂತೆ ಪಕ್ಕದಲ್ಲಿ ದೊಡ್ಡವರು ಇರಲೇಬೇಕು.

ಎರಡನೆಯದು ಮನಸ್ಸಿಗೆ ಸಂಬಂಧಿಸಿದುದು. ಇದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಮೈಸೂರಿನ ಕಡೆಯ ಕಡಲೆಕಾಯಿ ಧಾರವಾಡದ ಕಡೆ ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ ಭಾಷೆಗಳನ್ನಾಡುವ ಮಕ್ಕಳ ಬಾಯಲ್ಲಿ ಇನ್ನೂ ಬೇರೆ ಹೆಸರುಗಳಿವೆ. ಮಗು ತನ್ನ ಮನೆಯ ಹೆಸರನ್ನು ಹೇಳಿದಾಗ “ಅದು ತಪ್ಪು” ಎಂದರೆ, ಅದು ಹೆಸರನ್ನು ತಿದ್ದಿಕೊಳ್ಳುವುದಕ್ಕಿಂತ ಬಾಯಿ ಮುಚ್ಚಿಕೊಳ್ಳುವುದೇ ಹೆಚ್ಚು. “ನಿಮ್ಮ ಮನೆಯಲ್ಲಿ ಹಾಗೆನ್ನುತ್ತೀರಿ, ಪುಸ್ತಕದಲ್ಲಿ ಹೀಗೆನ್ನುತ್ತಾರೆ” ಎಂದರೆ ಒಂದರ ಸ್ಥಾನದಲ್ಲಿ ಎರಡು ಮಾತು ಬಂದಂತಾಗುತ್ತದೆ.

ಮಕ್ಕಳು ಮಾತು ಕಲಿಯುವ ವೇಗ ಒಂದೇ ಸಮನಾಗಿರುವುದಿಲ್ಲ. ಆದರೂ ಎರಡು ವರ್ಷ ತುಂಬಿದ ಮಗುವಿನಲ್ಲಿ ಮಾತಿನ ಸುಳಿವೇ ಕಾಣದಿದ್ದರೆ ಆಟಗಳನ್ನೇ ನಂಬಿ ಕೂಡದೆ ಅದರ ಕಿವಿಯನ್ನು ಪರೀಕ್ಷೆಮಾಡಿಸಬೇಕು. ಇದಕ್ಕಾಗಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ತುಂಬುವವರು ಯಾರು?

೨೦೦೨ರಲ್ಲಿ ಬ್ರಿಟನ್ನಿನ ಸಂಶೋಧಕರು ಶಾಲಾಮಕ್ಕಳಿಗೆ ಆ ನಾಡಿನ ಗಿಡ ಪ್ರಾಣಿಗಳ ಚಿತ್ರಗಳನ್ನೂ ಪೋಕೆಮಾನ್ ಎಂಬ ಆಟದ ಕಲ್ಪಿತ ಪ್ರಾಣಿಗಳ ಚಿತ್ರಗಳನ್ನೂ ತೋರಿಸಿ ಹೆಸರು ಕೇಳಿದ ಫಲಿತಾಂಶವನ್ನು ಪ್ರಕಟಿಸಿದರು. ಎಂಟು ವರ್ಷದ ಮಕ್ಕಳು ನಿಜವಾದ ಜೀವಿಗಳಲ್ಲಿ ನೂರಕ್ಕೆ ೫೩ನ್ನು ಗುರುತಿಸಿದರೆ, ಕಲ್ಪಿತ ಪ್ರಾಣಿಗಳಲ್ಲಿ ನೂರಕ್ಕೆ ೭೮ನ್ನು ಗುರುತಿಸಿದರು. ಇದರಿಂದ ಮಕ್ಕಳನ್ನು ಹಳಿಯುವಂತಿಲ್ಲ. ಹೆಸರುಗಳನ್ನು ಕೂಡಿಡುವ ಅವರ ಶಕ್ತಿ ಅಪಾರವೆಂಬುದೇ ಇದರಿಂದ ಸಿದ್ಧವಾಗುತ್ತದೆ. ಆ ಕಣಜವನ್ನು ಯಾರು ಯಾವುದರಿಂದ ತುಂಬುತ್ತಾರೆ ಎಂಬುದೊಂದೇ ಪ್ರಶ್ನೆ.

ಮರ ತಾನಾಗಿ ಮಾತು ಕಲಿಸುವುದಿಲ್ಲ. ಮಗುವನ್ನು ತೋಟದಲ್ಲಿ ಬಿಟ್ಟು ನಾವು ಬೇರೆಡೆಗೆ ಮುಖ ತಿರುಗಿಸಿ ಕುಳಿತರೆ ಅದಕ್ಕೆ ಗಾಳಿ ಬಿಸಿಲು ದೊರೆತೀತು, ಮಾತು ದೊರೆಯದು. ಬಯಲು ಸಂದರ್ಭವನ್ನು ಒದಗಿಸುತ್ತದೆ. ಮಾತನ್ನು ಒದಗಿಸಬೇಕಾದವರು ನಾವು. ನಾಳೆ ನಿಮ್ಮ ಪುಟ್ಟ ತಂಗಿ ಇರುವೆಯ ಸಾಲಿನ ಮುಂದೆ ಕುಳಿತು “ಅದು!” ಎಂದಾಗ, ನೀವೂ ಪಕ್ಕದಲ್ಲಿ ಕುಳಿತು ಅವಳು ನೋಡುವುದನ್ನೇ ನೋಡಿರಿ. “ಇರುವೆ ಪುಟ್ಟೀ, ಸಕ್ಕರೆಯ ಹರಳು ಹೊತ್ತುಕೊಂಡು ಹೋಗುತ್ತಿದೆ. ಎಲ್ಲಿಗೆ ಹೋಗುತ್ತಿರಬಹುದು?” ಎಂದು ಕೇಳಿ, ಸುಮ್ಮನೆ ಕಾಯಿರಿ. ಅವಳ ಉತ್ತರ ಒಂದೇ ಮಾತಿನದಾದರೂ ಚಿಂತೆಯಿಲ್ಲ. ಐದು ನಿಮಿಷ ತಡವಾಗಿ ಮನೆ ಸೇರಿದರೂ ನಷ್ಟವಿಲ್ಲ.